ಚೆಂಬೂರಿನ ಗಾನಕೀರ್ತಿ

ಮುಂಬಯಿಯ ಪೂರ್ವೋಪನಗರವಾದ ಚೆಂಬೂರಿನಲ್ಲಿ ರಾಜ್ ಕಪೂರರು 1948ರಲ್ಲಿ ಸ್ಥಾಪಿಸಿದ ಆರ್.ಕೆ. ಸ್ಟುಡಿಯೋದ ಕೀರ್ತಿಯು ಅದರ ಚಿತ್ರಗಳಿಗಿಂತಲೂ ಹಾಡುಗಳಿಂದಲೇ ಅಧಿಕವಾಗಿ ಹಬ್ಬಿತೆಂದರೆ ಅತಿಶಯೋಕ್ತಿಯಾಗಲಾರದು. ಮಾಟುಂಗದ ರೈಲ್ವೆ ಕಾರ್ಯಾಗಾರದಲ್ಲಿ ದುಡಿಯುತ್ತಿದ್ದ ಶೈಲೇಂದ್ರರೂ, ಬಸ್ ಕಂಡಕ್ಟರರಾಗಿದ್ದ ಹಸ್ರತ್ ಜೈಪುರಿಯವರೂ ಆರ್.ಕೆ. ಸಂಸ್ಥೆಯ 1949ರ ‘ಬರ್ಸಾತ್’ ಚಿತ್ರದಲ್ಲಿ ಸಂಗೀತ ನಿರ್ದೇಶಕರಾದ ಶಂಕರ್-ಜೈಕಿಶನ್ ಜೋಡಿಯೊಡನೆ ಕೂಡಿ, ಶ್ರಮಜೀವಿಗಳ ನಾಲಗೆಗೆ ಸಹಜವಾದ ಸರಳ ಪದಗಳಿಂದಲೇ ಗೀತರಚನೆಗೈದರು; ತರುವಾಯ ‘ಆವಾರಾ’ (1951) ಚಿತ್ರದ ಶೀರ್ಷಿಕೆ ಗೀತೆಯು ಸೋವಿಯತ್ ದೇಶದ ಬೀದಿಬೀದಿಗಳಲ್ಲಿಯೂ ಗುನುಗಲ್ಪಟ್ಟಿತು. ಇಂತಹ ಸರಳತೆಯೇ ಗೀತಕಾರನ ಕಠಿನತಮ ಸಾಧನೆಯೆಂದು ನಾನು ಬಲ್ಲೆನು.

ಇದೇ ಚೆಂಬೂರಿನಲ್ಲಿ 1967ರಲ್ಲಿ ಜನಿಸಿದ ಶಂಕರ್ ಮಹಾದೇವನ್‌ರು, ಬಾಲ್ಯದಲ್ಲಿಯೇ ವೀಣೆಯನ್ನು ಅಭ್ಯಸಿಸಿ, ಎಂಜಿನಿಯರಿಂಗ್ ಪದವಿ ಪಡೆದು, ಕಂಪ್ಯೂಟರ್ ಉದ್ಯೋಗವನ್ನು ತ್ಯಜಿಸಿ, ಜಾವೇದ್ ಅಖ್ತರರ ರಚನೆಯಾದ ‘ಬ್ರೆತ್‌ಲೆಸ್’ (1998) ಗೀತೆಯಿಂದ ಮನೆಮಾತಾದರು. ಕರ್ನಾಟಕ ಸಂಗೀತದ ಸಂಸ್ಕಾರವು ಜನಪ್ರಿಯ ಗಾಯನಕ್ಕೆ ತೊಡಕಲ್ಲ, ಬಲವೇ ಎಂಬುದಕ್ಕೆ ಅವರ ಕಂಠವೇ ಸಾಕ್ಷಿ. ಕನ್ನಡ ಚಿತ್ರಗಳಿಗೂ ಹಾಡಿರುವ ಅವರು, ತಬಲಾವಾದಕ ಝಾಕಿರ್ ಹುಸೇನರಿದ್ದ ‘ಶಕ್ತಿ’ ತಂಡದ ಸದಸ್ಯರಾಗಿ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿಗೆ ಭಾಜನರಾದರು.