ಒಡೆದ ಒತ್ತಕ್ಷರ, ಕಾಣೆಯಾದ ಕಡತ

ಬೀದರ, ಭಾಲ್ಕಿ, ಔರಾದ ಭಾಗದ ಸದ್ಭಕ್ತರ ಮನೆಗಳಲ್ಲಿ ಹಳೆಯ ಗಣಕಯಂತ್ರವೊಂದು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿರುವುದುಂಟು. ಹಿರಿಯರು ಬೆರಳಚ್ಚು ಮಾಡಿಸಿದ ವಚನ ವ್ಯಾಖ್ಯಾನ, ಮನೆತನದ ವಂಶಾವಳಿ ಅದರ ಒಡಲಲ್ಲಿರುತ್ತವೆ. ತೆರೆದರೆ ಯಾವುದೋ ಡಿಎಲ್‌ಎಲ್ ಕಡತ ದೊರೆಯಲಿಲ್ಲವೆಂಬ ಸೂಚನೆ. ಯಂತ್ರ ಕೆಟ್ಟಿತೆಂದು ಗುಜರಿಗೆ ಹಾಕುವವರೇ ಹೆಚ್ಚು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ನೆಲವಿದು. ಇಲ್ಲಿ ಕನ್ನಡ ಬರಹವೊಂದು ಕೇವಲ ಒಂದು ಕಡತದ ದೆಸೆಯಿಂದ ಮಣ್ಣುಪಾಲಾಗುವುದು ಸಲ್ಲದು. ಬಹುತೇಕ ಸಂದರ್ಭಗಳಲ್ಲಿ ಬರಹ ಅಳಿದಿರುವುದಿಲ್ಲ. ಅದನ್ನು ತೋರಿಸುವ ಸಾಧನ ಮಾತ್ರ ಇಲ್ಲವಾಗಿರುತ್ತದೆ.

ಡಿಎಲ್‌ಎಲ್ ಎಂಬುದು ಗ್ರಂಥಭಂಡಾರದ ಹೊತ್ತಿಗೆಯಂತೆ. ಪ್ರತಿ ತಂತ್ರಾಂಶವೂ ಎಲ್ಲವನ್ನೂ ತಾನೇ ಹೊತ್ತು ತಿರುಗದೆ, ಅಗತ್ಯಬಿದ್ದಾಗ ಈ ಸಾಮಾನ್ಯ ಹೊತ್ತಿಗೆಯನ್ನು ತೆರೆದು ಕೆಲಸ ಮಾಡಿಕೊಳ್ಳುತ್ತದೆ.

ಕನ್ನಡಿಗರಿಗೆ ಇದರ ಅನುಭವ ವಿಂಡೋಸ್ ಎಕ್ಸ್‌ಪಿಯಲ್ಲಿ ಚೆನ್ನಾಗಿ ಆಯಿತು. 2001ರಲ್ಲಿ ಬಂದ ಆ ವ್ಯವಸ್ಥೆಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸವಿತ್ತು. ಆದರೆ ಒತ್ತಕ್ಷರಗಳನ್ನು ಕೂಡಿಸುವ ಬೆಂಬಲವು ಇಂಗ್ಲಿಷ್ ಆವೃತ್ತಿಯಲ್ಲಿ ತಾನಾಗಿಯೇ ನೆಲೆಗೊಳ್ಳುತ್ತಿರಲಿಲ್ಲ. ಆದುದರಿಂದ ಯೂನಿಕೋಡ್ ಬರಹದಲ್ಲಿ ‘ಭಕ್ತ’ವು ‘ಭಕ್‌ತ’ ಎಂದು ಒಡೆದು ಕಾಣುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಭಾಷೆಗಳ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಆಯ್ಕೆಗೆ ಗುರುತು ಹಾಕಿ, ಕೇಳಿದಾಗ ಮೂಲ ಸಿ.ಡಿ.ಯನ್ನಿಟ್ಟು, ಯಂತ್ರವನ್ನು ಮರಳಿ ಆರಂಭಿಸಿದರೆ ಅಕ್ಷರಗಳು ಕೂಡಿಕೊಳ್ಳುತ್ತಿದ್ದವು. ಹಳೆಯ ಯಂತ್ರಕ್ಕೆ ಇಂದಿಗೂ ಇದೇ ಮದ್ದು. ವಿಸ್ಟಾದಿಂದೀಚೆಗೆ ಈ ತೊಡಕಿಲ್ಲ. ಬರಹವೆಲ್ಲ ಇಂಗ್ಲಿಷ್ ಚಿಹ್ನೆಗಳಾಗಿ ಕಂಡರೆ ಮಾತ್ರ ಅದು ಬೇರೆ ರೋಗ: ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸ ಅಲ್ಲಿ ಇಲ್ಲವೆಂದೇ ತಿಳಿಯಬೇಕು.

ಇನ್ನು ಹೆಸರು ಹೇಳಿ ಕೇಳುವ ಕಡತಗಳು. ಆ ಹೆಸರನ್ನು ಅಂತರಜಾಲದಲ್ಲಿ ಹುಡುಕಿ, ಕಂಡವರಿಂದ ಇಳಿಸಿಕೊಳ್ಳುವ ಅಭ್ಯಾಸವನ್ನು ನಾವು ಖಂಡಿತ ಒಪ್ಪಲಾರೆವು. ಅದರೊಡನೆ ವೈರಸ್ ಬರಬಹುದು, ಆವೃತ್ತಿಯೂ ಬೇರೆಯಾಗಿರಬಹುದು. ಮೊದಲು ತಂತ್ರಾಂಶವನ್ನೇ ಅದರ ಮೂಲದಿಂದ ಮತ್ತೊಮ್ಮೆ ಸ್ಥಾಪಿಸಬೇಕು. ವಿಸಿರನ್‌ಟೈಮ್140 ಎಂಬ ಕಡತ ಕಾಣೆಯಾಗಿದ್ದರೆ ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ವಿಷುಯಲ್ ಸಿ ಪ್ಲಸ್ ಪ್ಲಸ್ ಪೂರಕ ಕಟ್ಟನ್ನು ಹಾಕಿದರೆ ಸಾಕು.

ಹೊತ್ತಿಗೆ ಕಪಾಟಿನಲ್ಲಿದ್ದರೂ ಪಟ್ಟಿಯಲ್ಲಿ ದಾಖಲಾಗದಿದ್ದರೆ ಕೇಳಿದವರಿಗೆ ಸಿಗದು. ಕೆಲವು ಡಿಎಲ್‌ಎಲ್, ಒಸಿಎಕ್ಸ್ ಕಡತಗಳದೂ ಇದೇ ಸ್ಥಿತಿ. ಅವನ್ನು ನೋಂದಾಯಿಸಲು ಕಮಾಂಡ್ ಪ್ರಾಂಪ್ಟನ್ನು ಆಡಳಿತಗಾರನ ಅಧಿಕಾರದಿಂದ ತೆರೆದು, ರೆಗ್‌ಎಸ್‌ವಿಆರ್32 ಎಂದು ಬರೆದು, ಮುಂದೆ ಕಡತದ ಪೂರ್ಣ ಸ್ಥಾನವನ್ನು ಕೊಡಬೇಕು. ಎಲ್ಲ ಕಡತಗಳಿಗೂ ಈ ಸಂಸ್ಕಾರ ಬೇಕಿಲ್ಲ. ನೋಂದಣಿಯ ಪ್ರವೇಶದ್ವಾರವಿಲ್ಲವೆಂಬ ಉತ್ತರ ಬಂದರೆ ಸಾಮಾನ್ಯವಾಗಿ ಅದು ನೋಂದಣಿಯ ಜಾತಿಯದಲ್ಲವೆಂದು ಭಾವಿಸಿ ಬಿಡಬೇಕು.

ಇಲ್ಲೊಂದು ವಿಪರ್ಯಾಸವುಂಟು. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಕೋಶದಲ್ಲಿರುವುದು 64 ಬಿಟ್ ಕಡತಗಳು; 32 ಬಿಟ್ ಕಡತಗಳಿಗೆ ಸಿಸ್‌ವಾವ್64 ಕೋಶ. ಹೆಸರಿಟ್ಟವರ ಜಾಣ್ಮೆಗೆ ಏನೆನ್ನೋಣ! ಹಳೆಯ ತಂತ್ರಾಂಶಗಳು ಬಹುಮಟ್ಟಿಗೆ 32 ಬಿಟ್ಟಿನವಾದ್ದರಿಂದ ಅವುಗಳ ಕಡತವನ್ನು ಎರಡನೆಯ ಕೋಶದಲ್ಲಿಯೇ ಇರಿಸಿ, ಅಲ್ಲಿರುವ ರೆಗ್‌ಎಸ್‌ವಿಆರ್32ರಿಂದಲೇ ನೋಂದಾಯಿಸಬೇಕು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲವು 2014ರ ಏಪ್ರಿಲ್ 8ರಂದೇ ನಿಂತಿದೆ. ಆ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದೆ, ಮೂಲ ಬರಹಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮೊದಲೇ ತೆಗೆದಿಟ್ಟು, ಅನಂತರವೇ ದುರಸ್ತಿಗೆ ಕೈಹಾಕುವುದು ಯುಕ್ತ. ಹಳೆಯ ಅಕ್ಷರವಿನ್ಯಾಸದ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ನುಡಿ, ಬರಹ ಎರಡರಲ್ಲಿಯೂ ಇವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತುಗಳನ್ನೂ ದೀರ್ಘಗಳನ್ನೂ ಮೂಲದೊಡನೆ ಒಮ್ಮೆ ಹೋಲಿಸಿ ಓದತಕ್ಕದ್ದು.