ಸ್ಕಂಕ್ ನಾತ ಮತ್ತು ಮೂಗಿನ ಸುಳ್ಳುಸಾಕ್ಷಿ

ಅಮೆರಿಕದ ರಸಾಯನ ವಿಜ್ಞಾನಿಗಳ ವಾರಪತ್ರಿಕೆ ‘ಕೆಮಿಕಲ್ ಅಂಡ್ ಎಂಜಿನಿಯರಿಂಗ್ ನ್ಯೂಸ್’ನ 1993ರ ಅಕ್ಟೋಬರ್ 18ರ ಸಂಚಿಕೆಯಲ್ಲಿ ಒಂದು ಪುಟ್ಟ ಬರಹ ಬಂತು. ಕಾರ್ಖಾನೆ, ಕಂಪನಿಗಳ ಸುದ್ದಿಗೆ ಹೆಸರಾದ ಆ ಪತ್ರಿಕೆಯಲ್ಲಿ ಇದು ಹೇಳಿದ್ದು, ಸ್ಕಂಕ್ ಎಂಬ ಕಾಡುಪ್ರಾಣಿ ಹಾರಿಸಿದ ನಾತಕ್ಕೆ ಸಿಕ್ಕಿ ಗಬ್ಬೆದ್ದು ಮನೆಗೆ ಬಂದ ಸಾಕುಪ್ರಾಣಿಯನ್ನು ಮೀಯಿಸುವ ಬಗೆಯನ್ನು. ಬರೆಸಿದವರು ಷಿಕಾಗೊ ಪಕ್ಕದ ಲೈಲ್ ಎಂಬ ಊರಿನ ಪಾಲ್ ಕ್ರೆಬಾಮ್. ಪ್ರಯೋಗಾಲಯದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಅಡಗಿಸಲು ಅವರು ಕ್ಷಾರ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಿದ್ದರು. ಸಹೋದ್ಯೋಗಿಯೊಬ್ಬರ ಬೆಕ್ಕಿಗೆ ಸ್ಕಂಕ್ ಸಿಂಪಡಿಸಿದಾಗ ಅದನ್ನೇ ಸೌಮ್ಯಗೊಳಿಸಿ ಮೈಗೆ ಹಚ್ಚುವಂತೆ ಮಾಡಿಕೊಟ್ಟರು. ಬೇಕಾದದ್ದು ಮೂರೇ: ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಕ್ವಾರ್ಟ್, ಅಂದರೆ ಒಂದು ಲೀಟರಿಗೆ ತುಸು ಕಡಿಮೆ, ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಟೀ ಚಮಚ ಪಾತ್ರೆ ತೊಳೆಯುವ ದ್ರವ ಸೋಪು. ಮೂವತ್ತು ವರ್ಷ ದಾಟಿದರೂ ಇದನ್ನು ಮೀರಿಸುವ ಮನೆಮದ್ದು ಬಂದಿಲ್ಲ. ಆದರೂ ಈ ನಾತ ತೊಳೆಯಲೆಂದು ಅಮೆರಿಕದ ಹಿತ್ತಿಲುಗಳಲ್ಲಿ ಟೊಮೆಟೊ ರಸದ ಡಬ್ಬಗಳು ತೆರೆಯುತ್ತಲೇ ಇವೆ. ಏಕೆ? ನಾತ ಹೋಯಿತೇ ಇಲ್ಲವೇ ಎಂಬ ತೀರ್ಪನ್ನು ಎಲ್ಲರೂ ಮೂಗಿಗೆ ಬಿಟ್ಟಿರುವುದರಿಂದ. ಮೂಗಿನ ನೇರಕ್ಕೆ ಮಾತಾಡುವವರನ್ನು ನಂಬಬಾರದು ಎನ್ನುತ್ತೇವೆ. ಈ ವಿಷಯದಲ್ಲಂತೂ ಆ ಮಾತು ಅಕ್ಷರಶಃ ನಿಜ.

ಟೊಮೆಟೊ ಹಚ್ಚುವವರು ದಡ್ಡರಲ್ಲ, ಸುಳ್ಳು ಹೇಳುವವರೂ ಅಲ್ಲ. ಅವರ ಮೂಗು ಅವರಿಗೆ ಕೈಕೊಟ್ಟಿರುತ್ತದೆ. ಒಂದೇ ವಾಸನೆಯಲ್ಲಿ ಹೊತ್ತು ಕಳೆದರೆ ಮೂಗು ಆ ವಾಸನೆಯ ಮಟ್ಟಿಗೆ ಮರಗಟ್ಟುತ್ತದೆ; ಅಗರಬತ್ತಿ ಅಂಗಡಿಯವನಿಗೆ ಅಗರಬತ್ತಿ ಘಮ ಗೊತ್ತಾಗದ ಹಾಗೆ. ನಾಯಿಯನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಡಬ್ಬದ ಮೇಲೆ ಡಬ್ಬ ಸುರಿದು, ಅರ್ಧ ಗಂಟೆ ಉಜ್ಜುವ ಹೊತ್ತಿಗೆ ಸ್ಕಂಕ್ ವಾಸನೆಯನ್ನು ಗುರುತಿಸುವ ಶಕ್ತಿ ಆ ಮೂಗಿಗೆ ಉಳಿದಿರುವುದಿಲ್ಲ. ಹೊಸದಾಗಿ ಬಂದ ಟೊಮೆಟೊ ವಾಸನೆ ಮಾತ್ರ ಢಾಳಾಗಿ ಕಾಣುತ್ತದೆ. ‘ಹೋಯಿತು’ ಅನ್ನುತ್ತಾರೆ. ಆಗ ತಾನೇ ಹೊರಗಿಂದ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಷ್ಟೂ ಟೊಮೆಟೊ ದಂಡ. ಲಾಭವೆಂದರೆ ಬಿಳಿ ನಾಯಿ ಗುಲಾಬಿ ಬಣ್ಣಕ್ಕೆ ತಿರುಗುವುದೊಂದೇ.

ಹುಣಸೆಹಣ್ಣಿನ ಮಾತು ಬಂತು, ಅದನ್ನು ಇನ್ನಷ್ಟು ಹಿಂಡಬಹುದು. ನಾತಕ್ಕೆ ಹುಳಿಯೇ ಮದ್ದು ಎಂಬ ನಂಬಿಕೆ ಎಲ್ಲಿಂದಲೋ ಉದುರಿದ್ದಲ್ಲ. ಕರಾವಳಿಯ ಅಡುಗೆಮನೆಯಲ್ಲಿ ಮೀನು ತೊಳೆಯುವವರಿಗೆ ಹುಣಸೆಹುಳಿ, ನಿಂಬೆಹುಳಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಹುಳಿ ನಿಜಕ್ಕೂ ಕೆಲಸ ಮಾಡುತ್ತದೆ: ಮೀನಿನ ವಾಸನೆಗೆ ಕಾರಣವಾದ ಅಮೀನುಗಳು ಕ್ಷಾರ ಗುಣದವು, ಹುಳಿ ಸೇರಿದೊಡನೆ ಲವಣವಾಗಿ ಹಾರುವುದನ್ನು ಬಿಡುತ್ತವೆ. ಸ್ಕಂಕಿನ ಸರಕು ಇದರ ತದ್ವಿರುದ್ಧ. ಅದರಲ್ಲಿರುವ ಥಯಾಲ್‌ಗಳು ಗಂಧಕದ ಸಂಯುಕ್ತಗಳು, ತಾವೇ ದುರ್ಬಲ ಆಮ್ಲಗಳು. ಅವುಗಳ ಮೇಲೆ ಟೊಮೆಟೊ ಸುರಿದರೂ ಅಷ್ಟೇ, ವಿನೆಗರ್ ಸುರಿದರೂ ಅಷ್ಟೇ. ಅಜ್ಜಿ ಹೇಳಿದ್ದು ಸುಳ್ಳಲ್ಲ, ಆದರೆ ಅಜ್ಜಿ ಹೇಳಿದ್ದು ಬಂಗುಡೆಗೆ.

ಯಾವ ಥಯಾಲ್ ಎಂಬ ಉತ್ತರಕ್ಕೆ ಬಂದು ಮುಟ್ಟಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. 1896ರಲ್ಲಿ ಥಾಮಸ್ ಆಲ್ಡ್ರಿಚ್ ಸ್ಕಂಕ್ ಗ್ರಂಥಿಯ ದ್ರವವನ್ನು ಪರೀಕ್ಷಿಸಿ, ಗಂಧಕ ಸೇರಿದ ಮರ್ಕ್ಯಾಪ್ಟನ್‌ಗಳನ್ನು (ಥಯಾಲ್‌ಗಳ ಹಳೆಯ ಹೆಸರು) ಗುರುತಿಸಿದರು. ಬ್ಯೂಟೈಲ್ ಮರ್ಕ್ಯಾಪ್ಟನ್ ಇರಬೇಕೆಂದು ಊಹಿಸಿದರು. ಊಹೆ ಪಠ್ಯಪುಸ್ತಕ ಸೇರಿ ಸತ್ಯವಾಯಿತು. 1975ರಲ್ಲಿ ಆಂಡರ್ಸನ್ ಮತ್ತು ಬರ್ನ್‌ಸ್ಟೈನ್ ಅದು ತಪ್ಪೆಂದು ತೋರಿಸಿದರು. ಆಮೇಲೂ ಪುಸ್ತಕಗಳು ಹಳೆಯ ಹೆಸರನ್ನೇ ನಕಲು ಮಾಡಿದವು. ಕ್ಯಾಲಿಫೋರ್ನಿಯಾದ ಹಂಬೋಲ್ಟ್ ವಿಶ್ವವಿದ್ಯಾಲಯದ ವಿಲಿಯಂ ವುಡ್ 1990ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ನಾಯಿ ಸಾಕಿದವರಿಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು. ಪಟ್ಟೆ ಸ್ಕಂಕಿನ ದ್ರವದಲ್ಲಿ ನಾರುವ ಥಯಾಲ್‌ಗಳ ಜೊತೆಗೆ ಅವುಗಳ ಥಯೋಅಸಿಟೇಟ್ ರೂಪಗಳೂ ಇವೆ. ಇವು ಅಷ್ಟಾಗಿ ನಾರುವುದಿಲ್ಲ. ಕೂದಲಿಗೆ ಅಂಟಿಕೊಂಡು ಸುಮ್ಮನಿರುತ್ತವೆ. ನೀರು ತಾಗಿದಾಗ ನಿಧಾನವಾಗಿ ಒಡೆದು ಥಯಾಲ್ ಆಗುತ್ತವೆ. ಒಣಗಿದಾಗ ಚೆನ್ನಾಗಿಯೇ ಇದ್ದ ನಾಯಿ ಹದಿನೈದು ದಿನದ ಮೇಲೆ ಮಳೆಯಲ್ಲಿ ನೆಂದು ಬಂದು ಮತ್ತೆ ನಾರುವುದು ಇದರಿಂದ. ಇದಕ್ಕೊಂದು ಅಚ್ಚುಕಟ್ಟಾದ ಪುರಾವೆ ಪ್ರಕೃತಿಯಲ್ಲೇ ಇದೆ. ಮುಂಗಾಲ ಮೇಲೆ ನಿಂತು ಹಿಂಭಾಗ ಎತ್ತಿ ಹೆದರಿಸುವ ಚುಕ್ಕೆ ಸ್ಕಂಕಿನ ದ್ರವದಲ್ಲಿ ಈ ಅಸಿಟೇಟ್‌ಗಳಿಲ್ಲ. ಅದರ ನಾತ ನೀರು ಬಿದ್ದಾಗ ಈ ಪರಿ ಮರುಕಳಿಸುವುದೂ ಇಲ್ಲ.

ಇಲ್ಲಿ ಮೂಗಿನ ಪರವಾಗಿಯೂ ನಾಲ್ಕು ಮಾತು ಹೇಳಬೇಕು. ಕ್ರೆಬಾಮ್ ಉಪಾಯ ಹೊಳೆಸಿದ ನೆಲದ ಹೆಸರಿನಲ್ಲೇ ಸ್ಕಂಕ್ ಇದೆ. ಷಿಕಾಗೊ ಎಂಬುದು ಮಯಾಮಿ-ಇಲಿನಾಯ್ ಜನರ ‘ಶಿಕಾಕ್ವ’ ಎಂಬ ಪದದಿಂದ ಬಂದದ್ದು. ಅವರ ನುಡಿಯಲ್ಲಿ ಆ ಪದಕ್ಕೆ ಪಟ್ಟೆ ಸ್ಕಂಕ್ ಎಂಬ ಅರ್ಥವೂ ಇದೆ, ಅಲ್ಲಿನ ಕಾಡುಗಳಲ್ಲಿ ಬೆಳೆಯುತ್ತಿದ್ದ ಈರುಳ್ಳಿ-ಬೆಳ್ಳುಳ್ಳಿ ಜಾತಿಯ ಘಾಟು ಗಿಡ ಎಂಬ ಅರ್ಥವೂ ಇದೆ. 1680ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ಆನ್ರಿ ಜೂತೆಲ್, ಕಾಡಿನಲ್ಲಿ ಹೇರಳವಾಗಿದ್ದ ಬೆಳ್ಳುಳ್ಳಿಯಿಂದ ಊರಿಗೆ ಆ ಹೆಸರು ಬಂತೆಂದು ಕೇಳಿ ಬರೆದಿಟ್ಟಿದ್ದಾನೆ. ಅದು ಯಾವ ಗಿಡ ಎಂದು ವಿದ್ವಾಂಸರು ಚರ್ಚಿಸಿದ್ದೂ ಇದೆ. ಆ ಜಗಳ ಸದ್ಯ ಪಕ್ಕಕ್ಕಿರಲಿ. ಇಂಗ್ಲಿಷಿನ ‘ಸ್ಕಂಕ್’ ಪದವೂ ಇದೇ ಅಲ್ಗಾಂಕಿಯನ್ ನುಡಿಕುಟುಂಬದ್ದು. ಊರಿನ ಹೆಸರು, ಪ್ರಾಣಿಯ ಹೆಸರು ಎರಡೂ ಒಂದೇ ಬೇರಿನ ಕುಡಿಗಳು. ಈರುಳ್ಳಿ ಹೆಚ್ಚಿದಾಗ ಏಳುವ ಘಾಟಿನಲ್ಲೂ ಥಯಾಲ್ ಇದೆ ಎಂದು ರಸಾಯನಶಾಸ್ತ್ರ ಹೇಳಿದ್ದು ಬಹಳ ಈಚೆಗೆ. ಯಾವ ಉಪಕರಣವೂ ಇಲ್ಲದೆ ಆ ಜನರು ಒಂದು ಗಿಡವನ್ನೂ ಒಂದು ಪ್ರಾಣಿಯನ್ನೂ ಒಂದೇ ಪದದಲ್ಲಿ ಕೂರಿಸಿದ್ದರು. ಬರೀ ಮೂಗಿನ ಬಲದಿಂದ! ನಮ್ಮ ಅಡುಗೆ ಅನಿಲದ ಸಿಲಿಂಡರ್ ಸೋರಿದಾಗ ಬರುವ ವಾಸನೆಯೂ ಇದೇ ವಂಶದ್ದು, ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಸ್ಫೋಟವಾಗಿ ಮುನ್ನೂರರ ಸಮೀಪ ಜನ, ಹೆಚ್ಚಿನವರು ಮಕ್ಕಳೇ, ಸತ್ತರು. ಅನಿಲಕ್ಕೆ ನಾತ ಬೆರೆಸಬೇಕೆಂಬ ಕಾನೂನು ಟೆಕ್ಸಸ್‌ನಲ್ಲಿ ಬಂದದ್ದು ಆ ಬಳಿಕ. ಅಂದರೆ ಮೂಗು ಗಟ್ಟಿ ಕಾವಲುಗಾರ. ಆದರೆ ಕಾವಲುಗಾರನ ಕೈಗೆ ತಕ್ಕಡಿ ಕೊಟ್ಟರೆ ಕೆಲಸ ಕೆಡುತ್ತದೆ. ಗಾಳಿಯ ನೂರು ಕೋಟಿ ಭಾಗದಲ್ಲಿ ಸುಮಾರು ಹತ್ತು ಭಾಗ ಇದ್ದರೂ ಸ್ಕಂಕಿನ ಥಯಾಲ್ ನಮಗೆ ಗೊತ್ತಾಗುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ತೊಳೆದು ಹೋದರೂ ನಾರುವುದಕ್ಕೆ ಉಳಿದದ್ದು ಧಾರಾಳ ಸಾಕು.

ಹಾಗಾದರೆ ಮೂಗನ್ನು ನಂಬದೆ ಕ್ರೆಬಾಮ್ ಪಾಕವನ್ನು ನಂಬುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಪಾಕ ವಾಸನೆಯನ್ನು ಮುಚ್ಚುವುದಿಲ್ಲ, ವಸ್ತುವನ್ನೇ ಬದಲಿಸುತ್ತದೆ ಎಂಬುದು ಉತ್ತರ. ಸೋಪು ಎಣ್ಣೆಯಂತಹ ದ್ರವವನ್ನು ಕೂದಲಿನಿಂದ ಬಿಡಿಸುತ್ತದೆ. ಸೋಡಾ ಕ್ಷಾರ ಒದಗಿಸಿ ಥಯಾಲನ್ನು ಸುಲಭವಾಗಿ ಕೈಗೆ ಸಿಗುವಂತೆ ಮಾಡುತ್ತದೆ. ಪೆರಾಕ್ಸೈಡ್ ಅದರ ಗಂಧಕಕ್ಕೆ ಆಮ್ಲಜನಕ ಸೇರಿಸಿ ಸಲ್ಫೋನಿಕ್ ಆಮ್ಲದ ಕಡೆಗೆ ಒಯ್ಯುತ್ತದೆ. ಈ ಆಮ್ಲದ ಲವಣ ನೀರಿನಲ್ಲಿ ಕರಗುತ್ತದೆ, ಗಾಳಿಗೆ ಏರುವುದಿಲ್ಲ. ಮೂಗಿನವರೆಗೆ ಬರಲಾರದ್ದು ನಾರುವುದಾದರೂ ಹೇಗೆ? ಬಚ್ಚಿಟ್ಟುಕೊಂಡ ಥಯೋಅಸಿಟೇಟನ್ನೂ ಕ್ಷಾರ ಸೇರಿದ ಪೆರಾಕ್ಸೈಡ್ ಒಡೆದು ಮುಗಿಸುತ್ತದೆ. ಮಾಡುವ ಬಗೆ ಮಾತ್ರ ಸರಿಯಿರಬೇಕು. ನಾಯಿಯನ್ನು ಮೊದಲು ನೀರಿನಲ್ಲಿ ನೆನೆಸಲು ಹೋಗಬಾರದು. ಅಗಲ ಬಾಯಿಯ ಬಕೆಟ್ಟಿನಲ್ಲಿ ಆಗಿಂದಾಗಲೇ ಕಲಸಿ, ನೊರೆ ಏಳುತ್ತಿರುವಾಗಲೇ ಬುಡದ ತುಪ್ಪಳಕ್ಕೆ ಇಳಿಯುವಂತೆ ಕೈಗವಸು ತೊಟ್ಟು ಉಜ್ಜಬೇಕು, ಐದು ನಿಮಿಷ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಯಬೇಕು. ಸ್ಕಂಕ್ ಗುರಿಯಿಡುವುದು ಹೆಚ್ಚಾಗಿ ಮುಖಕ್ಕೇ. ಅಲ್ಲಿ ಮಾತ್ರ ಬಟ್ಟೆ ಅದ್ದಿ ಒರೆಸಬೇಕು, ಕಣ್ಣಿಗೆ ತಾಗಕೂಡದು. ಕಣ್ಣು ಕೆಂಪಗಿದ್ದರೆ ಬರೀ ನೀರು, ಆಮೇಲೆ ಪಶುವೈದ್ಯರು.

ಕಪ್ಪು ತುಪ್ಪಳ ಕಂದಾಗಬಹುದು ಎಂಬ ಆಕ್ಷೇಪ ನಿಜ, ಆಗಬಹುದು. ಬಣ್ಣ ಕೂದಲು ಬೆಳೆದ ಹಾಗೆ ಮರಳುತ್ತದೆ. ಇಷ್ಟು ಒಳ್ಳೆಯದಾದರೆ ಅಂಗಡಿಯಲ್ಲೇಕೆ ಸಿಗುವುದಿಲ್ಲ ಎನ್ನುವವರಿಗೆ ಉತ್ತರ ಬಕೆಟ್ಟಿನ ನೊರೆಯಲ್ಲೇ ಇದೆ. ಕಲಸಿದ ಗಳಿಗೆಯಿಂದ ಪಾಕ ಆಮ್ಲಜನಕ ಬಿಡುತ್ತಾ ಸತ್ವ ಕಳೆದುಕೊಳ್ಳುತ್ತದೆ. ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ ಬಾಟಲಿಯೇ ಸಿಡಿಯುತ್ತದೆ. ಮಾರಲಾಗದ ಮದ್ದಿಗೆ ಜಾಹೀರಾತು ಕೊಡುವವರು ಯಾರು? ಅಂಗಡಿಯಲ್ಲಿ ಸಿಗುವ ದ್ರವಗಳಲ್ಲಿ ವಸ್ತುವನ್ನು ಆಕ್ಸಿಡೀಕರಿಸುವಂಥವೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಹೂವಿನ ಪರಿಮಳದ್ದಾದರೆ ಟೊಮೆಟೊದ ಜಾತಿಗೇ ಸೇರಿಸಬಹುದು.

ಮನೆಯ ವಿಷಯ ನಾಯಿಗಿಂತ ಬೇಸರದ್ದು. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ನೆಲೆಸಿದ ಕನ್ನಡಿಗರಿಗೆ, ಹಿತ್ತಿಲ ಮರದ ಡೆಕ್ಕಿನ ಕೆಳಗೆ ಸ್ಕಂಕ್ ಬಿಲ ಮಾಡಿಕೊಂಡಿತೆಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಫೆಬ್ರವರಿ-ಮಾರ್ಚ್ ಅವುಗಳ ಕೂಡುವ ಕಾಲ, ನಾತ ಹೆಚ್ಚು ಏಳುವ ಕಾಲವೂ ಹೌದು. ಸಿಮೆಂಟು ನೆಲ, ಹೊರಗೋಡೆಗಳಿಗೆ ನೀರು ಬೆರೆಸಿದ ಕ್ಲೋರಿನ್ ಬ್ಲೀಚ್ ನಡೆಯುತ್ತದೆ, ಅದೂ ಆಕ್ಸಿಡೀಕರಣವೇ. ಮೂಲೆಯಲ್ಲಿ ಬಣ್ಣ ಪರೀಕ್ಷಿಸಿ ಬಳಸಬೇಕು. ನಾಯಿಯ ಮೈಗೆ ಮಾತ್ರ ಸರ್ವಥಾ ಬೇಡ. ಬ್ಲೀಚಿಗೆ ಅಮೋನಿಯಾ ಆಗಲಿ ವಿನೆಗರ್ ಆಗಲಿ ಸೇರಿಸಿದರೆ ವಿಷಾನಿಲ ಏಳುತ್ತದೆ. ಮನೆಯೊಳಗೆ ಸುಳಿದ ನಾತಕ್ಕೆ ಕಿಟಕಿ ತೆರೆದು ಫ್ಯಾನ್ ಹಾಕುವುದು, ಪರದೆ-ಹೊದಿಕೆ ಒಗೆಯುವುದು, ಗಾಳಿಯಂತ್ರದ ಫಿಲ್ಟರ್ ಬದಲಿಸುವುದು. ಇದರಾಚೆಗೆ ಮಾಂತ್ರಿಕ ಉಪಾಯ ಇಲ್ಲ. ಬಿಲ ಮುಚ್ಚುವ ಮೊದಲು ಒಳಗೆ ಮರಿಗಳಿಲ್ಲ ಎಂದು ಖಾತ್ರಿಯಾಗಬೇಕು. ಅಮೆರಿಕದಲ್ಲಿ ರೇಬಿಸ್ ಹರಡುವ ಕಾಡುಪ್ರಾಣಿಗಳಲ್ಲಿ ಸ್ಕಂಕ್ ಕೂಡ ಒಂದಾದ್ದರಿಂದ ಕೈ ಹಾಕಿ ನೋಡುವ ಸಾಹಸ ಬೇಡ.

ಇಷ್ಟೆಲ್ಲ ಆದ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ಉಜ್ಜಿದವರನ್ನು ಕೇಳಬಾರದು, ಅದೇ ಸೂರಿನಡಿ ಮಲಗಿದ ಯಾರನ್ನೂ ಕೇಳಬಾರದು. ಒಂದು ವಾರ ಬಿಟ್ಟು ನಾಯಿಯ ಕತ್ತಿನ ತುಪ್ಪಳಕ್ಕೆ ಒಂದು ಚೊಂಬು ನೀರು ಸುರಿದು, ಪಕ್ಕದ ಮನೆಯವರನ್ನು ಕರೆದು, ಹತ್ತಿರ ಬಂದು ಮೂಸಿ ನೋಡಿ ಎನ್ನಬೇಕು.