ಮೃತ ಜೀವಾಣುವಿನ ಕರೆ

ಪೀರನವಾಡಿಯಿಂದ ಖಾನಾಪುರ ರಸ್ತೆಯನ್ನು ಹಿಡಿದು ಬೆಳಗಾವಿಯತ್ತ ಬರುವವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಈಗ ಮರಗಳ ನೆರಳುಳ್ಳ ವಿಶಾಲವಾದ ಬಯಲೆಂದಷ್ಟೇ ಪರಿಚಿತವಾಗಿದ್ದರೂ, ಕರುಗಳ ಚರ್ಮದ ಮೇಲೆ ಬೆಳೆಸಿದ ಸಿಡುಬಿನ ಲಸಿಕೆ ಒಂದು ಕಾಲಕ್ಕೆ ಅಲ್ಲಿಂದಲೇ ಊರೂರಿಗೆ ಹೋಗುತ್ತಿತ್ತು. ಅದು ಜೀವಂತ ಲಸಿಕೆ. ಕೊಂದ ಜೀವಾಣುವನ್ನು ಚುಚ್ಚುವ ಕ್ರಮವೂ ಈ ಸೀಮೆಗೆ ಹೊಸದಲ್ಲ. ಜೀವಾಣುಶಾಸ್ತ್ರಜ್ಞ ಹಾಫ್‌ಕಿನ್ ಮಹಾಶಯನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ, ಕಾಯಿಸಿ ಕೊಂದ ಪ್ಲೇಗಿನ ಜೀವಾಣುಗಳ ಲಸಿಕೆಯನ್ನು ಮರುವರ್ಷವೇ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಹಾಕಿಸಿಕೊಂಡರು.

ಅರ್ಬುದಕ್ಕೂ, ಅಂದರೆ ಕ್ಯಾನ್ಸರಿಗೂ, ಇಂಥದೇ ಉಪಾಯವನ್ನು ಪ್ರಯೋಗಿಸಿದ್ದು ಅದೇ ದಶಕದಲ್ಲಿ. ಚರ್ಮದ ತೀವ್ರ ಸೋಂಕಿನಿಂದ ನರಳಿ ಬದುಕಿದ ರೋಗಿಯೊಬ್ಬನ ಗಡ್ಡೆಯೂ ಕರಗಿಹೋಗಿದ್ದ ವೃತ್ತಾಂತವನ್ನು ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಕಂಡ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, 1891ರಲ್ಲಿ ಮೊದಲು ಸಜೀವ ಜೀವಾಣುಗಳನ್ನೇ ಚುಚ್ಚಿ, ಅದರ ಅಪಾಯವನ್ನರಿತು, ಬಳಿಕ ಕೊಂದವುಗಳನ್ನು ಬಳಸತೊಡಗಿದನು. ಕೆಲವರಲ್ಲಿ ಗಡ್ಡೆ ಕರಗಿತು, ಹಲವರಲ್ಲಿ ಕರಗಲಿಲ್ಲ. ಏತಕ್ಕೆಂದು ಹೇಳಲು ಅಂದಿನ ಶಾಸ್ತ್ರಕ್ಕೆ ಸಾಧ್ಯವಿರಲಿಲ್ಲ.

ಕ್ಯಾನ್ಸರಿನ ಕೋಶ ನಮ್ಮದೇ ದೇಹದಲ್ಲಿ ಹುಟ್ಟಿದ್ದು. ಆದುದರಿಂದ ರಕ್ಷಣಾವ್ಯವಸ್ಥೆ ಅದನ್ನು ಬಹುಮಟ್ಟಿಗೆ ಅಲಕ್ಷಿಸುತ್ತದೆ. ಜೀವಾಣುವಾದರೋ, ಸತ್ತ ಮೇಲೂ ತನ್ನ ಕೋಶಭಿತ್ತಿಯ ಪದಾರ್ಥಗಳಿಂದ ಪರಕೀಯವೆಂದು ಗುರುತಿಸಲ್ಪಟ್ಟು ಆ ವ್ಯವಸ್ಥೆಯನ್ನು ಎಚ್ಚರಿಸುತ್ತದೆ. ಈ ಎಚ್ಚರವು ಗಡ್ಡೆಯ ಮೇಲೂ ತಿರುಗೀತೆ ಎಂಬುದೇ ಪ್ರಶ್ನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಂಕರ ನಂದಿಯವರ ಬಳಗ 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸೊಗಸಾದ ಉತ್ತರವಿತ್ತಿತು. ಕುಷ್ಠರೋಗದ ಚಿಕಿತ್ಸೆಗೆಂದು ಜಿ. ಪಿ. ತಲ್ವಾರರು ಬೆಳಕಿಗೆ ತಂದ, ಕ್ಷಯದ ಜೀವಾಣುವಿಗೆ ದೂರದ ಬಂಧುವಾದ ನಿರುಪದ್ರವಿ ಜೀವಾಣುವನ್ನು ಒತ್ತಡದ ಉಗಿಯಲ್ಲಿ ಬೇಯಿಸಿ ಕೊಂದು, ಗಡ್ಡೆಯ ಕೋಶಗಳನ್ನು ನೆಟ್ಟ ಆರು ದಿನಗಳ ಮೇಲೆ ಇಲಿಗಳ ಚರ್ಮದೊಳಕ್ಕೆ ಒಂದೇ ಬಾರಿ ಚುಚ್ಚಲು, ಗಡ್ಡೆಯ ಬೆಳವಣಿಗೆ ಬಹುವಾಗಿ ಕುಗ್ಗಿತು. ಆದರೆ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಸ್ತುವನ್ನು ಉತ್ಪಾದಿಸಲಾರದ ಇಲಿಗಳಲ್ಲಿ ಅದೇ ಚುಚ್ಚುಮದ್ದು ನಿಷ್ಫಲವಾಯಿತು. ನನ್ನ ಮಟ್ಟಿಗೆ ಪ್ರಯೋಗದ ತಿರುಳಿರುವುದು ಈ ಸೋಲಿನಲ್ಲಿ: ಸತ್ತ ಜೀವಾಣು ಗಡ್ಡೆಯನ್ನು ತಾನಾಗಿ ಕೊಲ್ಲುವುದಿಲ್ಲ, ಕೊಲ್ಲಬಲ್ಲ, ರಕ್ಷಣಾವ್ಯವಸ್ಥೆಯ ಟಿ ಕೋಶಗಳನ್ನು ಕರೆಯುತ್ತದೆ, ಮತ್ತು ಕರೆ ಮುಟ್ಟಿಸುವ ದೂತನಿಲ್ಲದೆ ಯಾರೂ ಬರುವುದಿಲ್ಲ.

ಇಲಿಗೆ ಒದಗಿದ್ದು ಮನುಷ್ಯನಿಗೂ ಒದಗೀತೆಂದು ಹಿಗ್ಗುವುದು ತರವಲ್ಲ. ಇದೇ ಜೀವಾಣುವನ್ನು ರೂಢಿಯ ಕಿಮೊಥೆರಪಿಯೊಡನೆ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ, ಒಟ್ಟಾರೆ ಆಯುಷ್ಯ ಗಣನೀಯವಾಗಿ ಹೆಚ್ಚಲಿಲ್ಲ. ಸ್ಕ್ವೇಮಸ್ ಎಂಬ ಬಗೆಯ ಗಡ್ಡೆಯಿದ್ದವರು ಮಾತ್ರ ಕೆಲವು ತಿಂಗಳು ಹೆಚ್ಚು ಬದುಕಿದರು.